ಹೆರಿಗೆಯ ಮನೆ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ ಜಿಲ್ಲೆಯು ಮೂರು ಭಾಷಾಸೀಮೆಗಳು ಕೂಡುವ ಸ್ಥಳ. ಬೀದರ ನಗರದಿಂದ ಪಶ್ಚಿಮದ ಕಡೆಗೆ ಸುಮಾರು 40 ಕಿಲೋಮೀಟರು ಹೋದರೆ ಭಾಲ್ಕಿ. ಉತ್ತರಕ್ಕೆ, ಮಾಂಜ್ರಾ ನದಿಯನ್ನು ದಾಟಿ, ಹೆಚ್ಚುಕಡಿಮೆ ಅಷ್ಟೇ ದೂರ ಹೋದರೆ ಔರಾದ. 1956ಕ್ಕೆ ಮೊದಲು ಈ ಸೀಮೆಯೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾಗಳು ಮರಾಠಿ ಸೀಮೆಗೂ ಜಹೀರಾಬಾದ್, ನಾರಾಯಣಖೇಡಗಳು ತೆಲುಗು ಸೀಮೆಗೂ ಸೇರಿದವು. ಗಡಿಯನ್ನು ಎಳೆಯುವುದು ಸುಲಭ. ಬೀಗತನವನ್ನು ಕಡಿಯುವುದು ಸುಲಭವಲ್ಲ. ಇಂದಿಗೂ ಔರಾದಿನ ಸೊಸೆಯ ತವರು ಉದಗೀರದ ಕಡೆ ಇರುವುದುಂಟು. ನಾರಾಯಣಖೇಡದ ಸೊಸೆಯ ತವರು ಬೀದರದಲ್ಲಿರುವುದುಂಟು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ನಾಡಿನ ಪದ್ಧತಿ. ಹೀಗಾಗಿ ಇಲ್ಲಿನ ಆಸ್ಪತ್ರೆಗೆ ಬರುವ ಗರ್ಭಿಣಿಯು ಏಳು ತಿಂಗಳ ಕಾಲ ಬೇರೆಡೆ, ಒಮ್ಮೊಮ್ಮೆ ಬೇರೆ ರಾಜ್ಯದಲ್ಲೇ, ತಪಾಸಣೆಗೆ ಹೋಗಿ ಬಂದವಳಾಗಿರಬಹುದು. ಅವಳ ರಕ್ತದ ಗುಂಪು ಯಾವುದು, ರಕ್ತಹೀನತೆ ಇದೆಯೆ, ರಕ್ತದೊತ್ತಡ ಎಷ್ಟಿತ್ತು ಎಂಬುದೆಲ್ಲ ಅವಳ ಕೈಯಲ್ಲಿರುವ ಒಂದು ಪುಸ್ತಿಕೆಯಲ್ಲಿ ಅಡಗಿರುತ್ತದೆ. ಅದರಲ್ಲಿ ಬರೆದ ಭಾಷೆ ಬೇರೆ, ಅವಳಾಡುವ ಮಾತು ಬೇರೆ, ಕೇಳುವ ದಾದಿಯ ಮಾತು ಬೇರೆ ಆಗಿರುವುದು ಸಾಧ್ಯ. ಕನ್ನಡ, ಮರಾಠಿ, ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಇವೆಲ್ಲ ಒಂದೇ ಪಡಸಾಲೆಯಲ್ಲಿ ಕೇಳಿಬರುವ ಊರಿನಲ್ಲಿ ಹೆರಿಗೆಯ ಆಸ್ಪತ್ರೆ ಹೇಗಿರಬೇಕು? ಅದರ ನಕ್ಷೆಯನ್ನು ಯಾರು ಬರೆಯಬೇಕು?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಹೆರಿಗೆ ಮನೆಯಲ್ಲಿಯೇ ಆಗುತ್ತಿತ್ತು. ಮನೆಯ ಒಳಗಿನ ಕೋಣೆ, ಸೂಲಗಿತ್ತಿ, ಹಂಡೆಯ ತುಂಬ ಬಿಸಿನೀರು, ಹಿರಿಯ ಹೆಂಗಸರ ಧೈರ್ಯದ ಮಾತು ಇಷ್ಟೇ ಅಂದಿನ ಸಿದ್ಧತೆ. ಆ ಕೋಣೆಯಲ್ಲಿ ಆತ್ಮೀಯತೆಗೆ ಕೊರತೆಯಿರಲಿಲ್ಲ. ಆದರೆ ಹೆರಿಗೆಯ ಬಳಿಕ ರಕ್ತಸ್ರಾವ ನಿಲ್ಲದಿದ್ದರೆ ಅದನ್ನು ತಡೆಯುವ ಉಪಾಯವೂ ಇರಲಿಲ್ಲ. ತೀವ್ರವಾದ ರಕ್ತಸ್ರಾವವು ಎರಡು ಗಂಟೆಗಳೊಳಗೆ ತಾಯಿಯ ಪ್ರಾಣವನ್ನು ತೆಗೆಯಬಲ್ಲುದು. 2001ರಿಂದ 2003ರವರೆಗಿನ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. 2018ರಿಂದ 2020ರವರೆಗಿನ ಲೆಕ್ಕದಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರು, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108ರ ವಾಹನ ಇವೆಲ್ಲ ಸೇರಿ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು. 2005-06ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರಾಜ್ಯದ 100 ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಗಳಲ್ಲಿ ಆಗಿದ್ದರೆ, 2019-21ರ ಸಮೀಕ್ಷೆಯ ಹೊತ್ತಿಗೆ 97 ಅಲ್ಲಿಯೇ ಆಗಿದ್ದವು.

ಹೆಣ್ಣುಮಕ್ಕಳು ಆಸ್ಪತ್ರೆಯ ಬಾಗಿಲಿಗೆ ಬಂದದ್ದಾಯಿತು. ಬಾಗಿಲಿನ ಒಳಗೆ ಅವರಿಗೆ ಏನು ದೊರೆಯುತ್ತದೆ ಎಂಬುದು ಅಲ್ಲಿಂದ ಮುಂದಿನ ಮಾತು. ಆ ಮಾತನ್ನು ಆಡಲು ಹೆತ್ತವಳಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? ಆದರೂ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅವಳನ್ನು ಕೇಳಿದವರು ವಿರಳ. ಇದಕ್ಕೆ ಯೂರೋಪಿನ ವಿಯೆನ್ನಾ ನಗರದ ಒಂದು ನಿದರ್ಶನವನ್ನು ನೋಡಬಹುದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಕೆಲಸ ಮಾಡುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 100 ಬಾಣಂತಿಯರಲ್ಲಿ 11 ಮಂದಿಗೂ ಹೆಚ್ಚು ಜನ ಸತ್ತರು; ಎರಡನೆಯದರಲ್ಲಿ ಸತ್ತವರು 3 ಮಂದಿಗಿಂತಲೂ ಕಡಮೆ. ಊರಿನ ಬಡ ಹೆಂಗಸರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಕಳುಹಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಅವರ ಅಂಜಿಕೆಯನ್ನು ಹಿರಿಯ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನೊಬ್ಬನು ಮಾತ್ರ ಇದರಿಂದ ಕಳವಳಗೊಂಡು ಕಾರಣವನ್ನು ಹುಡುಕಿದನು. ವಿದ್ಯಾರ್ಥಿಗಳು ಶವಪರೀಕ್ಷೆ ಮಾಡಿದ ಕೈಗಳಿಂದಲೇ ಬಂದು ಗರ್ಭಿಣಿಯರನ್ನು ಮುಟ್ಟುತ್ತಿದ್ದರು. 1847ರ ಮೇ ತಿಂಗಳಿನಲ್ಲಿ ಅವನು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮವನ್ನು ತಂದನು. ಆ ಏಪ್ರಿಲ್‌ನಲ್ಲಿ 100ಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಅಪಾಯ ಎಲ್ಲಿದೆ ಎಂಬುದನ್ನು ಹೆಂಗಸರು ಮೊದಲೇ ಕಂಡಿದ್ದರು. ಅದು ಏಕೆ ಎಂಬುದನ್ನು ವೈದ್ಯನು ಕಂಡನು. ಎರಡೂ ಕೂಡಿದಾಗಲೇ ಜೀವ ಉಳಿಯಿತು.

ಈಗ ನಮ್ಮ ಸೀಮೆಗೆ ಬರೋಣ. ಹಳ್ಳಿಯಲ್ಲಿ ಹೊಸ ಮನೆ ಕಟ್ಟುವಾಗ ಅಡಿಪಾಯ ತೋಡುವ ಮುನ್ನ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಾರೆ. ಮನೆಯವರೆಲ್ಲ ಆ ಗೆರೆಗಳ ನಡುವೆ ಓಡಾಡಿ, ಒಲೆ ಇಲ್ಲಿ, ಬಾಗಿಲು ಅಲ್ಲಿ ಎಂದು ವಾದಿಸುತ್ತಾರೆ. ಕಾಗದದ ನಕ್ಷೆ ಓದಲು ಬಾರದ ಅಜ್ಜಿಯೂ ಆ ಗೆರೆಗಳನ್ನು ಓದಬಲ್ಲಳು. ಹೆರಿಗೆಯ ಆಸ್ಪತ್ರೆಗೂ ಇದೇ ಕ್ರಮ ಸಲ್ಲುತ್ತದೆ. ಬಯಲಿನಲ್ಲಿ ನಿಜವಾದ ಅಳತೆಗೆ ಗೆರೆ ಎಳೆದು, ವೈದ್ಯರು, ದಾದಿಯರು, ಹೆತ್ತ ತಾಯಂದಿರು, ಅವರ ಅತ್ತೆಯರು ಒಟ್ಟಿಗೆ ನಡೆದು ನೋಡಿದರೆ ಕಾಗದದಲ್ಲಿ ಕಾಣದ ಎಷ್ಟೋ ತೊಡಕುಗಳು ಕಾಲಿಗೆ ತೊಡರುತ್ತವೆ.

ವೈದ್ಯರು ಮೊದಲು ನೋಡುವುದು ದೂರವನ್ನು. ಹೆರಿಗೆಯ ಕೋಣೆಯಿಂದ ಶಸ್ತ್ರಚಿಕಿತ್ಸೆಯ ಕೋಣೆಗೆ ಎಷ್ಟು ಹೆಜ್ಜೆ? ತಳ್ಳುಗಾಡಿ ತಿರುವಿನಲ್ಲಿ ಸಿಕ್ಕಿಬೀಳುವುದೆ? ರಕ್ತಸ್ರಾವವನ್ನು ತಡೆಯುವ ಆಕ್ಸಿಟೋಸಿನ್ ಎಂಬ ಔಷಧವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬೀದರದಲ್ಲಿ ಅದು ಹೊರಗುಳಿದರೆ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಶೀತಕಪೆಟ್ಟಿಗೆ ಬೇರೆ ಅಂತಸ್ತಿನ ಉಗ್ರಾಣದಲ್ಲಿರದೆ ಹೆರಿಗೆಯ ಕೋಣೆಯ ಹತ್ತಿರವೇ ಇರತಕ್ಕದ್ದು. ಕೈತೊಳೆಯುವ ನಲ್ಲಿಯನ್ನು ಮೊಳಕೈಯಿಂದ ತಿರುಗಿಸುವಂತಿರಬೇಕು. ಈ ಮಾತುಗಳನ್ನು ಮನೆಯವರು ಹೇಳಲಾರರು. ಇಲ್ಲಿ ವೈದ್ಯರ ಮಾತೇ ಪ್ರಮಾಣ.

ಮನೆಯವರು ಹೇಳುವ ಮಾತುಗಳು ಬೇರೆ ಬಗೆಯವು. ನೋವು ತಿನ್ನುತ್ತಿರುವವಳು ಶೌಚಾಲಯಕ್ಕೆಂದು ಗಂಡಸರು ಕುಳಿತ ಪಡಸಾಲೆಯನ್ನು ದಾಟಿ ಹೋಗಬೇಕೆ? ರಾತ್ರಿ ಬಂದ ಅವ್ವ ಎಲ್ಲಿ ಮಲಗಬೇಕು? ಬಾಣಂತಿಗೆ ಬಿಸಿನೀರು ಎಲ್ಲಿ ಸಿಕ್ಕುತ್ತದೆ? ಮನೆಯಿಂದ ತಂದ ಅಳವಿಯ ಪಾಯಸವನ್ನು ಬಿಸಿ ಮಾಡಲು ಒಂದು ಒಲೆಯಾದರೂ ಉಂಟೆ? ಇವು ಸಣ್ಣ ಮಾತುಗಳೆಂದು ತೋರಬಹುದು. ಆದರೆ ಇಂಥ ಅನುಕೂಲಗಳಿಲ್ಲದೆ ಹೆತ್ತವಳು ಅವಸರದಿಂದ ಮನೆಗೆ ಹೊರಟುಬಿಟ್ಟರೆ, ಹೆರಿಗೆಯ ನಂತರದ ಮೊದಲ ಎರಡು ದಿನಗಳ ಅಪಾಯಗಳನ್ನು ಗಮನಿಸುವವರು ಯಾರು? ಬೀದರದ ಚಳಿಗಾಲವೂ ಇಲ್ಲಿ ನೆನಪಿಡತಕ್ಕದ್ದು. ಎತ್ತರದ ಆ ನೆಲದಲ್ಲಿ ಡಿಸೆಂಬರಿನ ರಾತ್ರಿಗಳು ಬಹಳ ತಂಪು. ಮಗು ಹುಟ್ಟುವ ಕೋಣೆಯು 25ರಿಂದ 28 ಡಿಗ್ರಿಯಷ್ಟು ಬೆಚ್ಚಗಿರಬೇಕೆಂದು ವೈದ್ಯರು ಹೇಳುತ್ತಾರೆ. ಕಿಟಕಿಯ ಸಂದಿಯಿಂದ ಗಾಳಿ ನುಗ್ಗಬಾರದೆಂದು ಅಜ್ಜಿಯರು ಹೇಳುತ್ತಾರೆ. ಮಾತು ಎರಡು, ವಿಷಯ ಒಂದೇ.

ಎಲ್ಲ ಕಡೆಯೂ ಹೀಗೆ ಸಲೀಸಾಗಿ ಒಮ್ಮತವಾಗುವುದಿಲ್ಲ. ಹೆರಿಗೆಯ ಕೋಣೆಯೊಳಗೆ ಜೊತೆಗಾತಿಯೊಬ್ಬಳು ಇರಬೇಕೆಂಬುದು ಮನೆಯವರ ಹಳೆಯ ಬಯಕೆ. ಗದ್ದಲವಾಗುತ್ತದೆ, ಸೋಂಕು ತಗಲುತ್ತದೆ ಎಂಬುದು ಆಸ್ಪತ್ರೆಯವರ ಹಳೆಯ ಆಕ್ಷೇಪ. 17 ದೇಶಗಳಲ್ಲಿ 15,000ಕ್ಕೂ ಹೆಚ್ಚು ಸ್ತ್ರೀಯರನ್ನು ಒಳಗೊಂಡ 26 ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ನಿರಂತರವಾಗಿ ಜೊತೆಯಲ್ಲಿ ಒಬ್ಬರಿದ್ದರೆ ಸಹಜ ಹೆರಿಗೆಗಳು ಹೆಚ್ಚುವುದೂ ನೋವಿನ ಅವಧಿ ಕೊಂಚ ಕಡಮೆಯಾಗುವುದೂ ಅದರಿಂದ ತಿಳಿದುಬಂದಿತು. ಅದಕ್ಕೆ ಮೊದಲೇ, 2016ರಲ್ಲಿ, ಭಾರತ ಸರಕಾರವು ಸಾರ್ವಜನಿಕ ಆಸ್ಪತ್ರೆಗಳಲ್ಲಿ ಜೊತೆಗಾತಿಗೆ ಅವಕಾಶವಿತ್ತಿತ್ತು. ಅವಳಿಗೆ ಸಾಂಕ್ರಾಮಿಕ ರೋಗ ಇರಕೂಡದು, ಶುಭ್ರವಾದ ಬಟ್ಟೆ ಧರಿಸಿರಬೇಕು, ಚಿಕಿತ್ಸೆಯಲ್ಲಿ ಅಡ್ಡ ಬರಕೂಡದು, ಬೇರೆ ಗರ್ಭಿಣಿಯರ ಬಳಿಗೆ ಹೋಗಕೂಡದು ಎಂಬ ನಿಯಮಗಳೂ ಅದರಲ್ಲಿದ್ದವು. ಕಡೆಯ ನಿಯಮವನ್ನು ಗಮನಿಸಿರಿ. ನಾಲ್ಕು ಹೆರಿಗೆ ಮೇಜುಗಳಿರುವ ತೆರೆದ ಕೋಣೆಯಲ್ಲಿ ಒಬ್ಬಳ ಜೊತೆಗಾತಿ ಉಳಿದ ಮೂವರ ಮಾನಕ್ಕೆ ಕುಂದಾಗುತ್ತಾಳೆ. ಮೇಜಿನ ಸುತ್ತ ಪರದೆಯೊ ಅಡ್ಡಗೋಡೆಯೊ ಇದ್ದರೆ ಆ ತೊಂದರೆಯಿಲ್ಲ. ವಾದದಿಂದ ಬಗೆಹರಿಯದ ಪ್ರಶ್ನೆಯನ್ನು ಒಮ್ಮೊಮ್ಮೆ ಹತ್ತು ಮೊಳ ಬಟ್ಟೆ ಬಗೆಹರಿಸುತ್ತದೆ!

ಕಟ್ಟಡದಷ್ಟೇ ಮುಖ್ಯವಾದುದು ಅದರೊಳಗಿನ ಕೆಲಸದ ಕ್ರಮ. ಈ ದಿಕ್ಕಿನಲ್ಲಿ ಉತ್ತರ ಕರ್ನಾಟಕದಲ್ಲಿ ಒಂದು ಗಮನಾರ್ಹವಾದ ಪ್ರಯತ್ನ ನಡೆಯಿತು. 2009ರಲ್ಲಿ ಆರಂಭವಾದ ‘ಸುಕ್ಷೇಮ’ ಎಂಬ ಯೋಜನೆಯು ಬೀದರವೂ ಸೇರಿ ಎಂಟು ಜಿಲ್ಲೆಗಳನ್ನು ಆರಿಸಿಕೊಂಡಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯಗಳು ಸರಕಾರದೊಡನೆ ಸೇರಿ ಇದನ್ನು ನಡೆಸಿದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಪಾಸಣಾಧಿಕಾರಿಗಳ ಬದಲು ಅನುಭವವುಳ್ಳ ದಾದಿಯರನ್ನೇ ಮಾರ್ಗದರ್ಶಕರನ್ನಾಗಿ ಕಳುಹಿಸಿದುದು ಇದರ ವೈಶಿಷ್ಟ್ಯ. ಅವರು ಬಂದಾಗ ಕೇಂದ್ರದ ವೈದ್ಯರೂ ದಾದಿಯರೂ ಕೂಡಿ ಕುಳಿತು ತಮ್ಮಲ್ಲಿ ಏನಿಲ್ಲ, ಏಕಿಲ್ಲ ಎಂದು ತಾವೇ ಪಟ್ಟಿ ಮಾಡುತ್ತಿದ್ದರು. ಹೆರಿಗೆಯ ಹಂತಹಂತಕ್ಕೂ ಏನು ಮಾಡಬೇಕೆಂಬುದನ್ನು ನೆನಪಿಸುವ ದಾಖಲೆ ಪತ್ರವೊಂದು ಬಳಕೆಗೆ ಬಂದಿತು. ಬೈಯುವವರ ಮುಂದೆ ಕೊರತೆಯನ್ನು ಮುಚ್ಚಿಡುವ ಮನುಷ್ಯನು ಜೊತೆಗಾರರ ಮುಂದೆ ಅದನ್ನು ಬಿಚ್ಚಿಡುತ್ತಾನೆ.

ಕುಟುಂಬಗಳ ಮಾತಿಗೂ ಒಂದು ವೇದಿಕೆಯುಂಟು. ಸರಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಊರಿನ ಪ್ರತಿನಿಧಿಗಳು ವೈದ್ಯರೊಡನೆ ಕುಳಿತು ಆಸ್ಪತ್ರೆಯ ಬೇಕುಬೇಡಗಳನ್ನು ಅಲ್ಲಿ ನಿರ್ಣಯಿಸಬಹುದು. ಆದರೆ ಸಭೆಯಲ್ಲಿ ಮಾತನಾಡುವವರು ಸಾಮಾನ್ಯವಾಗಿ ಗಂಡಸರು, ಅದರಲ್ಲಿಯೂ ಹಿರಿಯರು. ಆರು ತಿಂಗಳ ಹಿಂದೆ ತಾಂಡಾದಿಂದ ಬಂದು ಹೆತ್ತುಹೋದ ಹತ್ತೊಂಬತ್ತು ವರುಷದ ಹುಡುಗಿಯು ಅತ್ತೆಯ ಎದುರಿಗಾಗಲಿ ವೈದ್ಯರ ಎದುರಿಗಾಗಲಿ ಬಾಯಿ ತೆರೆಯುವುದು ಕಷ್ಟ. ಅವಳನ್ನು ಬೇರೆಯಾಗಿ, ಅವಳ ಮಾತಿನಲ್ಲಿಯೇ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಾಗ ಮರದ ನೆರಳಿನಲ್ಲಿ ಕೂರಿಸಿ ಕೇಳಬೇಕು. ಕೇಳುವವಳು ಆಶಾ ಕಾರ್ಯಕರ್ತೆಯಾದರೆ ಇನ್ನೂ ಒಳ್ಳೆಯದು.

ಹೀಗೆ ಕೇಳಿದಾಗ ಹೊರಡುವ ಪ್ರಶ್ನೆಗಳಲ್ಲಿ ಕಠಿಣವಾದುದು ಸಾಗಾಟದ್ದು. ಔರಾದಿನಲ್ಲೊ ಭಾಲ್ಕಿಯಲ್ಲೊ ಹೆರಿಗೆಯು ಬಿಗಡಾಯಿಸಿದರೆ ತಾಯಿಯನ್ನು ಬೀದರದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೀದರದಲ್ಲಿ 2007ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪನೆಯಾದ ಮೇಲೆ ಹೈದರಾಬಾದಿಗೊ ಸೊಲ್ಲಾಪುರಕ್ಕೊ ಓಡುವ ಅನಿವಾರ್ಯತೆ ತಗ್ಗಿದೆ. ಆದರೂ ಆ 40 ಕಿಲೋಮೀಟರು ದೂರ ಹಾಗೆಯೇ ಇದೆ. ವಾಹನ ಹೊರಡುವ ಮೊದಲೇ ದೂರವಾಣಿಯಲ್ಲಿ ಸುದ್ದಿ ಹೋಗಬೇಕು. ದಾಖಲೆ ಪತ್ರವೂ ತಾಯಿ ಕಾರ್ಡೂ ಅವಳೊಡನೆಯೇ ಹೋಗಬೇಕು. ವಾಹನ ನಿಲ್ಲುವ ಕಟ್ಟೆಯಿಂದ ಹೆರಿಗೆಯ ಕೋಣೆಗೆ ನೇರವಾದ ಇಳಿಜಾರು ದಾರಿ ಇರಬೇಕು. ಅಕ್ಷರ ಬಾರದವರಿಗೂ ತಿಳಿಯುವಂತೆ ಆ ದಾರಿಯುದ್ದಕ್ಕೂ ಗೋಡೆಯ ಮೇಲೆ ಒಂದೇ ಬಣ್ಣದ ಪಟ್ಟಿ, ಅದರ ಕೊನೆಯಲ್ಲಿ ತಾಯಿ ಮತ್ತು ಮಗುವಿನ ಚಿತ್ರ ಇರಬೇಕು. ಮಧ್ಯರಾತ್ರಿಯಲ್ಲಿ ಬುತ್ತಿಗಂಟು ಹಿಡಿದು ಇಳಿದ ಮುದುಕಿಯು ಯಾರನ್ನೂ ಕೇಳದೆ ಆ ಪಟ್ಟಿಯ ಜಾಡಿನಲ್ಲಿ ನಡೆದು ಮಗಳ ಹಾಸಿಗೆಯ ಬಳಿಗೆ ತಲುಪುವಂತಾಗಬೇಕು.