ಅಂತರರಾಷ್ಟ್ರೀಯ ವಾಣಿಜ್ಯವೂ ಸಾರ್ವಜನಿಕ ಆರೋಗ್ಯವೂ

ವ್ಯಾಪಾರಿಯ ತಕ್ಕಡಿಗೂ ವೈದ್ಯನ ನಾಡಿಪರೀಕ್ಷೆಗೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಆದರೆ ರಾಷ್ಟ್ರಗಳ ನಡುವಣ ವಾಣಿಜ್ಯದ ಕರಾರುಗಳು ಜನರ ಆಹಾರವನ್ನೂ ಔಷಧವನ್ನೂ ನಿರ್ಧರಿಸಬಲ್ಲವು.

ಶಾಂತಸಾಗರದ ಸಮೋವಾ ಒಂದು ಪುಟ್ಟ ದ್ವೀಪರಾಷ್ಟ್ರ. ಮೀನು, ಗೆಡ್ಡೆಗೆಣಸು, ತೆಂಗು ಅಲ್ಲಿಯವರ ಪರಂಪರಾಗತ ಆಹಾರ. ಪರದೇಶಗಳಲ್ಲಿ ಹೆಚ್ಚು ಬೇಡಿಕೆಯಿಲ್ಲದ, ಕೊಬ್ಬು ತುಂಬಿದ ಟರ್ಕಿ ಕೋಳಿಯ ಬಾಲದ ಮಾಂಸ ಅಲ್ಲಿಗೆ ಅಗ್ಗದ ದರದಲ್ಲಿ ಬಂದು ಸೇರಿತು. ಸ್ಥೂಲಕಾಯ ಮತ್ತು ಮಧುಮೇಹಗಳ ಹಾವಳಿಯನ್ನು ಕಂಡ ಸರಕಾರ 2007ರಲ್ಲಿ ಅದರ ಆಮದನ್ನು ನಿಷೇಧಿಸಿತು. ಆದರೆ 2012ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯನ್ನು ಸೇರಲು ಆ ನಿಷೇಧವನ್ನು ಕೈಬಿಡಲು ಒಪ್ಪಬೇಕಾಯಿತು.

ಇದೇ ಸಂಘಟನೆಯ ನಿಯಮಗಳು ತಾಂಬರಂನ ರೋಗಿಗಳನ್ನೂ ಮುಟ್ಟಿವೆ. ಡಾಕ್ಟರ್ ಚೌರಿ ಮುತ್ತು ಅವರು 1928ರಲ್ಲಿ ಕ್ಷಯರೋಗಿಗಳಿಗಾಗಿ ಇಲ್ಲಿ ಆರೋಗ್ಯಧಾಮವನ್ನು ಸ್ಥಾಪಿಸಿದರು. ‘ಸ್ಯಾನಟೋರಿಯಂ’ ಎಂಬ ಅದರ ಹೆಸರನ್ನು ರೈಲು ನಿಲ್ದಾಣ ಇಂದಿಗೂ ಹೊತ್ತಿದೆ. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಆ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರನ್ನು ಕ್ಷಯವು ಸುಲಭವಾಗಿ ಆಕ್ರಮಿಸುವುದರಿಂದ ಅಂಥ ರೋಗಿಗಳಿಗೆ ಈ ಆಸ್ಪತ್ರೆಯೇ ಆಸರೆಯಾಯಿತು.

ಔಷಧವಿದ್ದರೂ ಅದು ಎಟುಕುವಂತಿರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ 10,000 ಡಾಲರಿಗೂ ಮಿಕ್ಕಿ ತಗಲುತ್ತಿತ್ತು. 2001ರಲ್ಲಿ ಭಾರತದ ಸಿಪ್ಲಾ ಸಂಸ್ಥೆ ಅದನ್ನು ಬಡ ದೇಶಗಳಲ್ಲಿನ ಚಿಕಿತ್ಸೆಗಾಗಿ 350 ಡಾಲರಿಗೆ ಒದಗಿಸಲು ಮುಂದಾಯಿತು. ಇದಕ್ಕೆ ಅನುವು ಮಾಡಿಕೊಟ್ಟದ್ದು 1970ರ ಪೇಟೆಂಟ್ ಕಾಯಿದೆ. ಹೋಳಿಗೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ: ಆ ಕಾಯಿದೆಯಂತೆ ಹೋಳಿಗೆ ಮಾಡುವ ಒಂದು ವಿಧಾನಕ್ಕೆ ಹಕ್ಕುಸ್ವಾಮ್ಯ ದೊರೆಯುತ್ತಿತ್ತೇ ವಿನಾ ಹೋಳಿಗೆಗೇ ಅಲ್ಲ. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ಇತರರಿಗೆ ಅಡ್ಡಿಯಿರಲಿಲ್ಲ. 2004ರ ಏಪ್ರಿಲ್ 1ರಂದು ಕೇಂದ್ರ ಸರಕಾರ ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ, ಮೊದಲು ಆಯ್ಕೆಯಾದ ಎಂಟು ಆಸ್ಪತ್ರೆಗಳಲ್ಲಿ ತಾಂಬರಂನದೂ ಒಂದು.

ವಾಣಿಜ್ಯ ಒಪ್ಪಂದಕ್ಕೆ ಬದ್ಧವಾಗಿ ಭಾರತ 2005ರಿಂದ ಔಷಧ ಪದಾರ್ಥಕ್ಕೇ ಪೇಟೆಂಟ್ ನೀಡತೊಡಗಿತು. ಆದರೂ ಹಳೆಯ ಔಷಧದಲ್ಲಿ ಅಲ್ಪ ಮಾರ್ಪಾಡು ಮಾಡಿದ ಮಾತ್ರಕ್ಕೆ ಹೊಸ ಪೇಟೆಂಟ್ ಸಲ್ಲದೆಂಬ ವಿಧಿಯನ್ನು ಸಂಸತ್ತು ಕಾಯಿದೆಯಲ್ಲಿ ಸೇರಿಸಿತು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಕ್ಕೆ ನೋವಾರ್ಟಿಸ್ ಸಂಸ್ಥೆ ಕೋರಿದ ಪೇಟೆಂಟನ್ನು 2006ರಲ್ಲಿ ನಿರಾಕರಿಸಿದುದು ಚೆನ್ನೈ ಪೇಟೆಂಟ್ ಕಚೇರಿಯೇ. ಆ ವಿಧಿಯನ್ನು ಪ್ರಶ್ನಿಸಿದ ಅರ್ಜಿಯನ್ನು 2007ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ವಜಾ ಮಾಡಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಪೇಟೆಂಟ್ ನೀಡಲು ಒಪ್ಪಲಿಲ್ಲ. ಹೀಗಾಗಿ ದೇಶೀಯ ತಯಾರಕರ ಅಗ್ಗದ ಔಷಧ ರೋಗಿಗಳಿಗೆ ಉಳಿಯಿತು.

ವಾಣಿಜ್ಯವು ತಾನಾಗಿ ಅಮೃತವೂ ಅಲ್ಲ, ವಿಷವೂ ಅಲ್ಲ. ಹಡಗಿನಲ್ಲಿ ರೋಗಕಾರಕ ಆಹಾರವೂ ಬರಬಹುದು, ಜೀವರಕ್ಷಕ ಮಾತ್ರೆಯೂ ಹೋಗಬಹುದು. ಕರಾರಿಗೆ ಸಹಿ ಹಾಕುವಾಗಲೇ ಪ್ರಜೆಗಳ ಆರೋಗ್ಯಕ್ಕೆ ಎಡೆಯಿಟ್ಟುಕೊಳ್ಳುವ ದೇಶಕ್ಕೆ ಆಮೇಲೆ ಪರಿತಪಿಸುವ ಪ್ರಮೇಯ ಕಡಿಮೆ. ಇಂಥ ಒಪ್ಪಂದಗಳ ಸುದ್ದಿಯನ್ನು ವರ್ತಕರ ವಿಷಯವೆಂದು ಬದಿಗಿಡದೆ, ಪ್ರತಿಯೊಂದು ಕುಟುಂಬವೂ ತನ್ನ ಮನೆಯ ಔಷಧದ ಬೆಲೆಯ ವಿಷಯವೆಂದೇ ಓದುವುದು ಹಿತಕರ.