ಹೊದಿಕೆಯೋ, ವಸ್ತುವೋ? ಉತ್ಪಾದಕರ ಹೊಣೆಗಾರಿಕೆ ಕುರಿತ ಒಂದು ಅಭ್ಯಾಸ ಪಾಠ

ತ್ಯಾಜ್ಯ ನಿರ್ವಹಣೆಯ ಪಾಠ ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ‘ಕಸ ಎಸೆಯಬೇಡಿ’ ಎಂಬ ಉಪದೇಶಕ್ಕೆ ಬಂದು ನಿಲ್ಲುತ್ತದೆ. ಆ ಪೊಟ್ಟಣವನ್ನು ಮಾರುಕಟ್ಟೆಗೆ ಬಿಟ್ಟವರ ಹೊಣೆ ಏನು ಎಂಬ ಪ್ರಶ್ನೆ ಏಳುವುದೇ ಇಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರ ಫೆಬ್ರವರಿಯಲ್ಲಿ ಸೇರಿದ ಮಾರ್ಗಸೂಚಿ ಇದಕ್ಕೆ ಉತ್ತರ ಕೊಡುತ್ತದೆ: ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರು ತಾವು ಬಳಸಿದ ಪ್ಲಾಸ್ಟಿಕ್ ಹೊದಿಕೆಯ ಮರುಬಳಕೆಗೆ ಹೊಣೆಗಾರರು. ಎಂಟನೇ ತರಗತಿಗೆ ಇದನ್ನು ಬ್ರೂನರ್ ಅವರ ಪರಿಕಲ್ಪನಾ ಗಳಿಕೆ ಮಾದರಿಯಲ್ಲಿ ಕಲಿಸಿದ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಉದ್ದೇಶ: ಯಾವ ವಸ್ತು ಈ ನಿಯಮದೊಳಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಕಾರಣಸಹಿತ ಗುರುತಿಸುವುದು.

ಸಾಮಗ್ರಿ: ತೊಳೆದ ಹಾಲಿನ ಪ್ಯಾಕೆಟ್, ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಟ್ಟ ಜ್ಯೂಸಿನ ರಟ್ಟಿನ ಡಬ್ಬಿ, ಟೂತ್‌ಪೇಸ್ಟಿನ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಸ್ಕೇಲು, ನೋಟ್‌ಪುಸ್ತಕ.

ಹೆಜ್ಜೆ 1. ಕಪ್ಪುಹಲಗೆಯ ಮೇಲೆ ‘ಹೌದು’, ‘ಅಲ್ಲ’ ಎಂಬ ಎರಡು ಅಂಕಣ. ಬಾಟಲಿ, ಹಾಲಿನ ಪ್ಯಾಕೆಟ್ ‘ಹೌದು’ ಕಡೆಗೆ. ನೋಟ್‌ಪುಸ್ತಕ ‘ಅಲ್ಲ’ ಕಡೆಗೆ. ‘ಪ್ಲಾಸ್ಟಿಕ್ ಆದರೆ ಹೌದು’ ಎಂದು ಮಕ್ಕಳು ಊಹಿಸಿದರು. ಆಗ ಸ್ಕೇಲನ್ನು ‘ಅಲ್ಲ’ ಕಡೆಗೆ ಇಟ್ಟೆ. ತುಸು ಚರ್ಚೆಯ ನಂತರ ಒಬ್ಬ ಹುಡುಗಿ ಹೇಳಿದಳು: “ಸ್ಕೇಲು ನಾವು ಕೊಂಡ ವಸ್ತು, ಪ್ಯಾಕೆಟ್ ಅದನ್ನು ಸುತ್ತಿದ್ದು.” ಮೊದಲ ಲಕ್ಷಣ ಮಕ್ಕಳಿಂದಲೇ ಬಂತು.

ಹೆಜ್ಜೆ 2. ಈಗ ಪದರಗಳ ಪರೀಕ್ಷೆ. ಗಟ್ಟಿ ಬಾಟಲಿ ಒಂದನೇ ವರ್ಗ. ಹಾಲಿನ ಪ್ಯಾಕೆಟ್‌ನಲ್ಲಿ ಎಷ್ಟೇ ಪದರವಿದ್ದರೂ ಎಲ್ಲವೂ ಪ್ಲಾಸ್ಟಿಕ್ಕೇ ಆದ್ದರಿಂದ ಎರಡನೇ ವರ್ಗ. ಚಿಪ್ಸ್ ಪ್ಯಾಕೆಟ್‌ನ ಒಳಗೆ ಹೊಳೆಯುವುದು ಲೋಹದ ಲೇಪ. ಪ್ಲಾಸ್ಟಿಕ್ ಜೊತೆಗೆ ಬೇರೆ ವಸ್ತುವಿನ ಪದರವೂ ಇದ್ದರೆ ಮೂರನೇ ವರ್ಗ. ನೆನೆದ ಡಬ್ಬಿಯ ರಟ್ಟನ್ನು ಸುಲಿದಾಗ ತೆಳು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆ ಉಳಿಯಿತು. ‘ಕಾಗದ’ ಎಂದಿದ್ದ ಡಬ್ಬಿಯನ್ನು ಮಕ್ಕಳೇ ಮೂರನೇ ವರ್ಗಕ್ಕೆ ಸರಿಸಿದರು. ಗೊಬ್ಬರವಾಗಬಲ್ಲ ಪ್ಲಾಸ್ಟಿಕ್‌ನ ಚೀಲಗಳು ನಾಲ್ಕನೇ ವರ್ಗವೆಂದು ತಿಳಿಸಿದೆ.

ಹೆಜ್ಜೆ 3. ಟೂತ್‌ಪೇಸ್ಟ್ ಪೆಟ್ಟಿಗೆ ಹೊದಿಕೆಯೇ, ಆದರೆ ಬರೀ ರಟ್ಟು. ಪ್ಲಾಸ್ಟಿಕ್ ನಿಯಮ ಅದಕ್ಕೆ ಅನ್ವಯಿಸದು. ಕಾಗದ, ಗಾಜು, ಲೋಹದ ಹೊದಿಕೆಗಳಿಗೂ ಇಂಥದೇ ಹೊಣೆ ವಿಧಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅಲ್ಲಿಯೂ ಮಾತು ಹೊದಿಕೆಯದೇ; ನೋಟ್‌ಪುಸ್ತಕ ಹೊರಗೇ ಉಳಿಯುತ್ತದೆ.

ಮೌಲ್ಯಮಾಪನ: ಮನೆಯಿಂದ ಐದು ವಸ್ತು ನೋಡಿ, ‘ಹೊದಿಕೆಯೇ? ಪದರ ಯಾವುದು? ಯಾರ ಹೆಸರಿದೆ?’ ಎಂಬ ಮೂರು ಅಂಕಣ ತುಂಬಿಸಲು ಹೇಳಿದೆ. ಉತ್ತರಕ್ಕಿಂತ ಕಾರಣಕ್ಕೆ ಹೆಚ್ಚು ಅಂಕ.

ಸಹಪ್ರಶಿಕ್ಷಣಾರ್ಥಿಗಳಿಗೆ: “ಹಾಗಾದರೆ ನಾವು ಎಲ್ಲಿ ಬೇಕಾದರೂ ಎಸೆಯಬಹುದಾ, ಸರ್?” ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅದನ್ನು ಉಪದೇಶದಿಂದ ಮುಚ್ಚಬೇಡಿ, ಅಂಕಿಯಿಂದ ತೆರೆಯಿರಿ. 2024–25ಕ್ಕೆ ನಿಗದಿಯಾದ ಕನಿಷ್ಠ ಮರುಬಳಕೆ ಒಂದನೇ ವರ್ಗಕ್ಕೆ ಶೇ. 50, ಎರಡು ಮತ್ತು ಮೂರನೇ ವರ್ಗಗಳಿಗೆ ಶೇ. 30. ಅನ್ನ-ಸಾರು ಮೆತ್ತಿದ ಪ್ಯಾಕೆಟ್ ಈ ಲೆಕ್ಕಕ್ಕೆ ಸೇರುವುದು ಕಷ್ಟ. ಒಣಕಸ ಬೇರ್ಪಡಿಸುವುದು ನಮ್ಮ ಪಾಲು, ಮರುಬಳಕೆ ಮಾಡಿಸುವುದು ಕಂಪನಿಯ ಪಾಲು. ಎರಡನ್ನೂ ಹೇಳಿದಾಗಲೇ ಇದು ಪೌರಶಿಕ್ಷಣವಾಗುತ್ತದೆ.