ನೀರಿಲ್ಲದ ಕಾಲುವೆ

ಗುಳಿಗೆಯೇ ನನ್ನನ್ನು ಕೊಲ್ಲುತ್ತಿದೆ ಎಂದು ನಾನು ಹಟ ಹಿಡಿದದ್ದು 2016ರ ಡಿಸೆಂಬರಿನಲ್ಲಿ. ಹಳೆಯ ಐನೂರರ ನೋಟನ್ನು ಪೇಟೆಯಲ್ಲಿ ಯಾರೂ ಮುಟ್ಟದ ದಿನಗಳವು. ನಮ್ಮದು ರೋಣ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ, ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ.

ಹೆಂಡತಿಯ ತವರು ಗಜೇಂದ್ರಗಡ. 2014ರಲ್ಲಿ ಬಸುರಿಯಾಗಿ ಅಲ್ಲಿದ್ದಾಗ ರಕ್ತ ತೆಗೆದು ನೋಡಿ ಎಚ್‌ಐವಿ ಇದೆ ಎಂದರು. ಬಸುರಿಯರಿಗೆ ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಎಣಿಕೆ, ಎಷ್ಟೇ ಇದ್ದರೂ ಗುಳಿಗೆ ಸುರು ಮಾಡಬೇಕೆಂಬ ನಿಯಮ ಆ ಹೊತ್ತಿಗೆ ಬಂದಿತ್ತು. ಅವಳದು ಅಂದಿನಿಂದಲೇ ಸುರುವಾಯಿತು. ಮಗು ಹುಟ್ಟಿದ ಮೇಲೆ ಆರು ವಾರ ಅದಕ್ಕೆ ನೆವಿರಪಿನ್ ಸಿರಪ್ ಹಾಕಿದರು. ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ಮಗಳಿಗೆ ಸೋಂಕಿಲ್ಲ.

ನನ್ನನ್ನೂ ಬಾ ಎಂದು ಕರೆದರು. "ನನಗೇನಾಗೇತಿ, ಎತ್ತಿನಂಗ ಅದೀನಿ" ಎಂದೆ. ಗೋವಾದಲ್ಲಿ ಗಾರೆ ಕೆಲಸಕ್ಕಿದ್ದ ವರ್ಷಗಳು, ಸಂಜೆಯ ಕುಡಿತ, ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗ ಯಾರಿಂದ ಯಾರಿಗೆ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಹೋಗಲಿಲ್ಲ.

ಎರಡು ವರ್ಷ ಕಳೆಯಿತು. ಮಳೆಗಾಲದಲ್ಲಿ ಹತ್ತಿದ ಕೆಮ್ಮು ಬಿಡಲಿಲ್ಲ. ಪೇಟೆಯ ಒಬ್ಬ ಡಾಕ್ಟರು ಎರಡು ತಿಂಗಳು ಸಿರಪ್ಪು, ಸಲೈನು ಕೊಟ್ಟರು, ಕಫ ಪರೀಕ್ಷೆ ಮಾಡಿಸು ಎಂದು ಒಂದು ಮಾತು ಹೇಳಲಿಲ್ಲ. ಆ ಸಿಟ್ಟು ಇನ್ನೂ ಇದೆ. ಅರವತ್ತೆರಡು ಕಿಲೋ ಇದ್ದವನು ನಲವತ್ತೊಂದಕ್ಕೆ ಇಳಿದಾಗ ಹೆಂಡತಿಯೇ ಬಸ್ಸಿಗೆ ಹತ್ತಿಸಿ ಗದಗಕ್ಕೆ ಒಯ್ದಳು. ಕಫದಲ್ಲಿ ಟಿಬಿ. ಸಿಡಿ4 ಬರೀ 54. ಇನ್ನೂರರ ಕೆಳಗಿಳಿದರೇ ಗಂಡಾಂತರ ಎನ್ನುತ್ತಾರೆ.

ಮೊದಲು ಟಿಬಿ ಗುಳಿಗೆ ಸುರು ಮಾಡಿದರು. ಮೂತ್ರ ಕೆಂಪಗೆ ಬಂತು, ರಕ್ತವೆಂದು ಹೆದರಿ ನಡುಗಿದೆ. ಅದು ಗುಳಿಗೆಯ ಬಣ್ಣವಂತೆ. ಎರಡು ವಾರ ಬಿಟ್ಟು ಎಚ್‌ಐವಿಯದು, ರಾತ್ರಿ ಒಂದು. ತಲೆ ತಿರುಗುತ್ತಿತ್ತು, ಕೆಟ್ಟ ಕನಸು ಬೀಳುತ್ತಿದ್ದವು. ಮೂರನೆಯ ವಾರ ಜ್ವರ ಏರಿತು. ಕುತ್ತಿಗೆಯಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಗುಳಿಗೆ ನುಂಗುವ ಮೊದಲು ಇಲ್ಲದ್ದು ನುಂಗಿದ ಮೇಲೆ ಬಂದರೆ ಯಾರ ಮೇಲೆ ಸಂಶಯ ಬರುತ್ತದೆ?

ಅಣ್ಣನ ಹೊಲ ನರಗುಂದದ ಕಡೆ, ಮಲಪ್ರಭಾ ಕಾಲುವೆಯ ದಂಡೆಗೆ. ನಾನು, ಹೆಂಡತಿ, ಮಗಳು ಆಗ ಅಲ್ಲೇ ಇದ್ದೆವು. "ಆ ಗುಳಿಗಿ ಉಷ್ಣ. ಬಿಟ್ಟರ ಉಳಿತಿ. ನಾಟಿ ಔಷಧ ಕೊಡಸ್ತೀನಿ" ಎಂದ ಅಣ್ಣ. ಸಂಜೆ ದಂಡೆಯ ಮೇಲೆ ನಿಂತು ಡಬ್ಬಿಯನ್ನು ಬೀಸಿ ಒಗೆದೆ. ಆ ವರ್ಷ ಬರ. ಪೇಟೆಯಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕುಂತಿದ್ದರು, ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಡಬ್ಬಿ ಕಲ್ಲಿಗೆ ಬಡಿದು, ಒಳಗಿನ ಗುಳಿಗೆ ಗಲಗಲ ಅಂದ ಸದ್ದು ಕೇಳಿತು.

ಮೂರನೆಯ ರಾತ್ರಿ ಉಸಿರು ಸಿಗದಾಯಿತು. ಮಲಗಿದರೆ ಎದೆಯ ಮೇಲೆ ಕಾಳಿನ ಚೀಲ ಹೇರಿದಂತೆ. ಎದ್ದು ಕುಂತರೆ ಕಣ್ಣು ಕತ್ತಲೆ. ಮೈಯೆಲ್ಲ ಬೆವರು, ಹಲ್ಲು ಕಟಕಟ. ಮಗಳು ಎಚ್ಚರಾಗಿ ನನ್ನನ್ನು ನೋಡಿ ಅಳಲಿಲ್ಲ, ಗೋಡೆಯ ಕಡೆ ಸರಿದಳು. ಆ ಸರಿದದ್ದು ಇವತ್ತಿಗೂ ಮರೆತಿಲ್ಲ. ಅಣ್ಣ 108ಕ್ಕೆ ಫೋನು ಹಚ್ಚಿ ಅಂಗಳದಲ್ಲಿ ತಿರುಗುತ್ತಿದ್ದ. ಹೆಂಡತಿ ಕಾಣಲಿಲ್ಲ. ಎಲ್ಲಿ ಹೋದಳೆಂದರೆ, ಮೊಬೈಲಿನ ಬೆಳಕು ಹಿಡಿದು ಕಾಲುವೆಗೆ ಇಳಿದಿದ್ದಾಳೆ! ಮಣ್ಣು ಮೆತ್ತಿದ ಡಬ್ಬಿ ಹಿಡಿದು ಬಂದವಳು ಹೇಳಿದಳು: "ನಿಮ್ಮಣ್ಣನ ಮಾತು ಕೇಳಿ ಸಾಯೂದಾದ್ರ ಸಾಯ್ರಿ. ನಾ ಎರಡು ವರ್ಷ ಇದನ್ನ ನುಂಗೇನಿ, ಸತ್ತೇನೇನು?"

ದೊಡ್ಡ ಆಸ್ಪತ್ರೆಯ ಡಾಕ್ಟರು ನಕ್ಕರು, ಬೈದರು. ಸತ್ತಂತಿದ್ದ ಮೈಯ ಶಕ್ತಿ ಗುಳಿಗೆಯಿಂದ ಎಚ್ಚರಾಗಿ, ಒಳಗೆ ಅಡಗಿದ್ದ ಟಿಬಿಯ ಮೇಲೆ ಒಮ್ಮೆಲೇ ಬಿದ್ದಿತ್ತಂತೆ. ಅದಕ್ಕೇ ಆ ಜ್ವರ, ಆ ಗಂಟು. ಸ್ಟೆರಾಯ್ಡ್ ಕೊಟ್ಟರು. ಬಿಡಬಾರದ ಹೊತ್ತಿನಲ್ಲಿ ಗುಳಿಗೆ ಬಿಟ್ಟಿದ್ದೆ. ಆ ಚಳಿಗಾಲ ನನ್ನ ಜೊತೆ ಸುರು ಮಾಡಿದವರಲ್ಲಿ ಇಬ್ಬರು ಯುಗಾದಿ ಕಾಣಲಿಲ್ಲ. ಇಬ್ಬರೂ ಗಂಡಸರು, ಇಬ್ಬರೂ ನನ್ನಂತೆ ತಡವಾಗಿ, ಸೊರಗಿ, ಕೆಮ್ಮುತ್ತ ಬಂದವರು. ಸಾಯುವವರಲ್ಲಿ ಬಹಳಷ್ಟು ಜನ ಮೊದಲ ಆರು ತಿಂಗಳಲ್ಲೇ ಹೋಗುತ್ತಾರೆ ಎಂದು ಕೌನ್ಸೆಲರ್ ಹೇಳಿದರು. ಹೆಂಗಸರು ಬಸುರಿನ ನೆಪದಲ್ಲಾದರೂ ಬೇಗ ಸಿಗುತ್ತಾರೆ, ಗಂಡಸರನ್ನು ಯಾರು ಹಿಡಿಯಬೇಕು?

ಕೆಮ್ಮು ಎರಡು ವಾರ ದಾಟಿದರೆ ಕಫ ಕೊಡಿ. ಸುರು ಮಾಡಿದ ಮೇಲೆ ಜ್ವರ ಬಂದರೆ ಗುಳಿಗೆ ಬಿಡಬೇಡಿ, ಡಾಕ್ಟರ ಹತ್ತಿರ ಓಡಿ. ಬಾಯಿ ಬಿಟ್ಟು ಕೇಳಲು ನಾಚಿಕೆಯಾದರೆ 1097ಕ್ಕೆ ಫೋನು ಮಾಡಿ, ಪುಕ್ಕಟೆ. ಇನ್ನೊಂದು: ಆಗ ಒಬ್ಬ ಸಿಬ್ಬಂದಿ ಸಾಲಿನಲ್ಲಿ ನಿಂತ ನನ್ನ ಹೆಸರಿಗೆ ರೋಗದ ಹೆಸರನ್ನೂ ಸೇರಿಸಿ ಕೂಗಿದ್ದ. ಹಾಗೆ ಬಯಲು ಮಾಡಬಾರದೆಂಬ ಕಾನೂನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಗೊತ್ತಾದ ಕೂಡಲೇ ಗುಳಿಗೆ ಕೊಡುತ್ತಾರೆ. ಈಗ ಬಂದಿರುವ ಡೊಲುಟೆಗ್ರಾವಿರ್ ಇರುವ ಗುಳಿಗೆಗೆ ನನಗಂತೂ ತಲೆ ತಿರುಗುವುದಿಲ್ಲ.

ಈಗ ಅರವತ್ತಾರು ಕಿಲೋ ಇದ್ದೇನೆ. ಅಣ್ಣ ಆ ನಾಟಿ ಔಷಧದ ಮಾತು ಎತ್ತುವುದಿಲ್ಲ, ನಾನೂ ಎತ್ತಿಲ್ಲ. ಅವನ ಹೊಲಕ್ಕೆ ಹೊರಟರೆ ಹೆಂಡತಿ ಆ ರಾತ್ರಿಯ ಒಂದೇ ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕುತ್ತಾಳೆ. ಡಬ್ಬಿ ಮಾತ್ರ ಕೊಡುವುದಿಲ್ಲ.